ಹೊರಗೆ ಬೂದು, ಒಳಗೆ ರಾಣಿ ಪಿಂಕ್

ಮೆಕ್ಸಿಕೋ ಅಂದ ಕೂಡಲೇ ನಮ್ಮ ಫ್ಯಾಷನ್ ಮಂದಿಗೆ ಹೂವಿನ ಕಿರೀಟ, ದಟ್ಟ ಕಸೂತಿ, ಚಿತ್ರಕಲಾವಿದೆ ಫ್ರಿಡಾ ಕಾಲೋಳ ಕೂಡುಹುಬ್ಬು ನೆನಪಾಗುತ್ತವೆ. ನನ್ನ ಕಲೆಕ್ಷನ್‌ಗೆ ಅದ್ಯಾವುದೂ ಬೇಡವಾಗಿತ್ತು. ನನ್ನ ತಲೆಯಲ್ಲಿದ್ದದ್ದು ಒಂದು ಮನೆ. ವಾಸ್ತುಶಿಲ್ಪಿ ಲೂಯಿಸ್ ಬರಗಾನ್ ಮೆಕ್ಸಿಕೋ ಸಿಟಿಯ ತಕುಬಾಯದಲ್ಲಿ 1948ರ ಹೊತ್ತಿಗೆ ತಮಗಾಗಿ ಕಟ್ಟಿಕೊಂಡದ್ದು. 1988ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. 2004ರಿಂದ ಅದು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ನೋಡಬೇಕಾದರೆ ಮೊದಲೇ ಬುಕ್ ಮಾಡಿಕೊಳ್ಳಬೇಕು.

ರಸ್ತೆಯಿಂದ ನೋಡಿದರೆ ಯಾವುದೋ ಗೋಡೌನ್ ಅನ್ನಬೇಕು, ಅಷ್ಟು ಬೋಳು ಗೋಡೆ. ಬಾಗಿಲು ದಾಟಿದರೆ ಇಕ್ಕಟ್ಟಾದ, ಮಬ್ಬುಗತ್ತಲೆಯ ಜಾಗ. ಅದರಾಚೆ ಥಟ್ಟನೆ ಗುಲಾಬಿ ಗೋಡೆ. ಮೆಟ್ಟಿಲ ಬಳಿ ಕಲಾವಿದ ಮಥಿಯಾಸ್ ಗೋಯೆರಿಟ್ಜ್ ಮಾಡಿದ ಚಿನ್ನದ ರೇಕಿನ ಫಲಕ ಇದೆ. ಮೇಲಿಂದ ಬಿದ್ದ ಬೆಳಕು ಅದಕ್ಕೆ ತಾಗಿ, ಬೆಚ್ಚಗಿನ ಹಳದಿಯಾಗಿ ಸುತ್ತ ಹರಡುತ್ತದೆ. ಬಣ್ಣವೆಲ್ಲ ಮನೆಯವರಿಗೆ, ಬೀದಿಗೆ ಬರೀ ಬೂದು. ಬಟ್ಟೆಯನ್ನೂ ಹೀಗೇ ಹೊಲಿದರೆ ಹೇಗೆ ಅನ್ನಿಸಿತು.

ಜಾಸ್ತಿ ತಲೆ ಕೆಡಿಸಿದ್ದು ಜಾಕೆಟ್. ಹೊರಗೆ ಬೂದು ಕೈಮಗ್ಗದ ಹತ್ತಿ, ಒಳಗೆ ರಾಣಿ ಪಿಂಕ್ ರೇಷ್ಮೆ ಲೈನಿಂಗ್. ಇಷ್ಟನ್ನು ಯಾರು ಬೇಕಾದರೂ ಮಾಡುತ್ತಾರೆ, ಅಲ್ವಾ? ನನಗೆ ಆ ಚಿನ್ನದ ಫಲಕದ ಕೆಲಸ ಬೇಕಿತ್ತು. ಅದಕ್ಕೇ ಸ್ಟ್ಯಾಂಡ್ ಕಾಲರನ್ನು ಕುತ್ತಿಗೆಯಿಂದ ಒಂದು ಬೆರಳಿನಷ್ಟು ದೂರ ನಿಲ್ಲಿಸಿ, ಒಳಮೈಗೆ ಹೊಳಪಿನ ಹಳದಿ ಸ್ಯಾಟಿನ್ ಕೊಟ್ಟೆ. ಬಿಸಿಲಲ್ಲಿ ನಿಂತರೆ ದವಡೆಯ ಕೆಳಗೆ ಹಳದಿ ಛಾಯೆ ಬೀಳುತ್ತದೆ. ಎದುರಿಗಿದ್ದವರಿಗೆ ಆ ಬಟ್ಟೆ ಕಾಣುವುದಿಲ್ಲ, ಮುಖ ಮಾತ್ರ ಕಳೆಗಟ್ಟಿದಂತೆ ಕಾಣುತ್ತದೆ. ಕಾಲರ್ ಕುತ್ತಿಗೆಗೆ ಅಂಟಿದರೆ ಈ ಆಟ ನಡೆಯುವುದಿಲ್ಲ. ಕಾಲರ್ ನೆಟ್ಟಗೆ ನಿಲ್ಲಲು ಒಳಗೆ ಮೆತ್ತಗಿನ ಕ್ಯಾನ್ವಾಸ್ ಹಾಕಿದರೆ ಬಾಗುತ್ತದೆ, ಗಟ್ಟಿಯದು ಹಾಕಿದರೆ ಚುಚ್ಚುತ್ತದೆ. ಕಡೆಗೆ ನಮ್ಮ ಕಟಿಂಗ್ ಮಾಸ್ಟರ್, "ಮೇಡಂ, ಗಟ್ಟಿ ಕ್ಯಾನ್ವಾಸೇ ಹಾಕಿ, ಮೇಲಂಚಲ್ಲಿ ಮಾತ್ರ ಸ್ವಲ್ಪ ಕತ್ತರಿಸಿಬಿಡೋಣ" ಅಂದರು. ಸರಿಹೋಯಿತು.

ಆ ಮನೆಯ ಒಂದು ಮಲಗುವ ಕೋಣೆಯ ಕಿಟಕಿಗೆ ನಾಲ್ಕು ಹಲಗೆಗಳಿವೆ. ಮುಚ್ಚಿದಾಗ ಸಂದಿಯಿಂದ ಬೆಳಕು ಶಿಲುಬೆಯ ಆಕಾರದಲ್ಲಿ ಬರುತ್ತದೆ. ಶರ್ಟಿನ ಬೆನ್ನಿಗೆ ಅದನ್ನೇ ತರಬಹುದಿತ್ತು, ಚೆನ್ನಾಗಿಯೂ ಕಾಣುತ್ತಿತ್ತು. ಆದರೆ ಬರಗಾನ್ ಗಾಢ ದೈವಭಕ್ತರು. ಅವರ ನಂಬಿಕೆಗೆ ಸೇರಿದ್ದನ್ನು ನಾನು ಸುಮ್ನೆ ಅಲಂಕಾರಕ್ಕೆ ಎಳೆದು ತರುವುದು ಸರಿ ಕಾಣಲಿಲ್ಲ. ಅಡ್ಡ ಗೆರೆ ಬಿಟ್ಟು, ಬೆನ್ನುದ್ದಕ್ಕೂ ಒಂದೇ ಒಂದು ಸೀಳು ಇಟ್ಟೆ. ನಡೆದಾಗ ಮಾತ್ರ ಬಾಯಿ ಬಿಡುತ್ತದೆ.

ಕಾಸಾ ಗಿಲಾರ್ದಿಯಿಂದ ಸಿಕ್ಕಿದ್ದು ಒಂದು ಉಡುಪು ಅಷ್ಟೇ. ಬರಗಾನ್ ಇಳಿವಯಸ್ಸಿನಲ್ಲಿ ಮಾಡಿದ ಆ ಮನೆಯ ಹಳದಿ ಓಣಿ ಒಳಗಿನ ಕೊಳಕ್ಕೆ ಕರೆದೊಯ್ಯುತ್ತದೆ. ಒಳಗಿನದು ಕಾಣುವಷ್ಟು ತೆಳುವಾದ ಹಳದಿ ಕೋರಾ ಆರ್ಗನ್ಜಾ, ಅದರಡಿ ನೀಲಿ ಸ್ಲಿಪ್, ಮುಗಿಯಿತು.

ಲೆಕ್ಕ ಮಾತ್ರ ತಲೆಕೆಳಗು. ಕಾಣದ ಬಟ್ಟೆಗೇ ಜಾಸ್ತಿ ದುಡ್ಡು ಹೋಯಿತು. ಆನ್‌ಲೈನ್ ಫೋಟೋದಲ್ಲಿ ಜಾಕೆಟ್ ಶಾಲೆ ಯೂನಿಫಾರ್ಮ್ ಥರ ಕಾಣುತ್ತದೆ. ಲೈನಿಂಗ್ ತೋರಿಸಿ ಫೋಟೋ ಹಾಕಿ ಅಂತ ಎಲ್ಲರೂ ಹೇಳಿದರು, ನಾನು ಹಾಕಲಿಲ್ಲ. ಬಂದು ತೊಟ್ಟು ನೋಡಿದವರು ಕೊಂಡುಕೊಳ್ಳುತ್ತಾರೆ. ಕೆಲವರು ಒಳಗಿನದನ್ನು ಹೊರಗೆ ಮಾಡಿ ತೊಟ್ಟು ಹೋಗಿದ್ದೂ ಉಂಟು. ದುಡ್ಡು ಕೊಟ್ಟಿದ್ದಾರೆ, ನಾನೇನು ಹೇಳಲಿ?