ಗ್ರಾಂಟ್ ರೋಡಿನಲ್ಲಿ ಸಿಕ್ಕ ಗ್ರಾಮರ್

ಮುಂಬೈಗೆ ಬಂದ ಹೊಸತು. ಹಗಲು ಹೋಟೆಲ್ ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲು. ಇಂಗ್ಲಿಷ್ ಪ್ರಬಂಧದಲ್ಲಿ ನನಗೆ ಮುಖ್ಯ ಅನಿಸಿದ್ದಕ್ಕೆಲ್ಲ ಕ್ಯಾಪಿಟಲ್ ಲೆಟರ್ ಹಾಕುತ್ತಿದ್ದೆ. ಹೋಟೆಲ್‌ಗೆ, ಅನ್ನಕ್ಕೆ, ‘ಮೈ ಮದರ್’ನಲ್ಲಿ ಅಮ್ಮನಿಗೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲವಲ್ಲ, ಅದು ಮರ್ಯಾದೆಗೆ ಹಾಕುವುದು ಅಂದುಕೊಂಡಿದ್ದೆ. ಪುಟವಿಡೀ ಮಾಸ್ಟ್ರ ಕೆಂಪು ಗೆರೆ.

ಊರಲ್ಲಿ ಕಲಿತ ವ್ಯಾಕರಣ ಅರ್ಧ ದಾರಿಗೆ ಬಂತು. ಊರು, ರಸ್ತೆ ಥರ ಎಲ್ಲಕ್ಕೂ ಸಲ್ಲುವ ರೂಢನಾಮ ಅಂದರೆ ಕಾಮನ್ ನೌನ್, ಒಂದಕ್ಕೇ ಇಟ್ಟ ಹೆಸರು ಅಂಕಿತನಾಮ ಅಂದರೆ ಪ್ರಾಪರ್ ನೌನ್. ಸರಿ, ವೈದ್ಯ, ವ್ಯಾಪಾರಿ ಅಂತ ಕೆಲಸ, ಗುಣ ನೋಡಿ ಬಂದ ಅನ್ವರ್ಥನಾಮ ಇದೆಯಲ್ಲ, ಅದೆಲ್ಲಿಗೆ? ಇಂಗ್ಲಿಷಿನಲ್ಲಿ ಅದಕ್ಕೆ ಬೇರೆ ಕೋಣೆಯೇ ಇಲ್ಲ. ಡಾಕ್ಟರ್ ಕೂಡ ಕಾಮನ್ ನೌನೇ.

ಕೊನೆಗೆ ದಾರಿ ತೋರಿಸಿದ್ದು ಮುಂಬೈ ಲೋಕಲ್ ರೈಲಿನ ವೆಸ್ಟರ್ನ್ ಲೈನು. ರಜೆಯ ದಿನ ಚರ್ಚ್‌ಗೇಟಿನಲ್ಲಿ ಗಾಡಿ ಹತ್ತಿ ಸ್ಟೇಷನ್ ಹೆಸರುಗಳನ್ನು ಬರೆಯುತ್ತಾ ಹೋದೆ. ಬೋರ್ಡಿನಲ್ಲಿ ಇಂಗ್ಲಿಷ್ ಎಲ್ಲ ದೊಡ್ಡಕ್ಷರವೇ, ಸುಮ್ನೆ ಕಾಪಿ ಹೊಡೆದರೆ ಪ್ರಯೋಜನ ಇಲ್ಲ. ಯಾವುದು ಯಾಕೆ ಅಂತ ನಾನೇ ಯೋಚಿಸಬೇಕಾಯಿತು. ರೋಡ್ ಅಂದರೆ ಯಾವ ರಸ್ತೆಯಾದರೂ ಸರಿ. ಆದರೆ ಗ್ರಾಂಟ್ ರೋಡಿನಲ್ಲಿ ಅದು ಹೆಸರಿನ ತುಂಡು, ಅದಕ್ಕೇ ದೊಡ್ಡಕ್ಷರ. ಆ ಗ್ರಾಂಟ್ 1835ರಿಂದ 1838ರವರೆಗೆ ಬಾಂಬೆಯ ಗವರ್ನರ್ ಆಗಿದ್ದ ರಾಬರ್ಟ್ ಗ್ರಾಂಟ್. ಮುಂದಿನ ಸ್ಟೇಷನ್ನು ಮುಂಬೈ ಸೆಂಟ್ರಲ್. ಸೆಂಟ್ರಲ್ ಗುಣವಾಚಕ, ಅಂದರೆ ಅಡ್ಜೆಕ್ಟಿವ್. ಹೆಸರಿನೊಳಗೆ ಸೀಟು ಸಿಕ್ಕಿದ ಮೇಲೆ ಅದಕ್ಕೂ ದೊಡ್ಡಕ್ಷರ!

ಲೋಕಲ್ ಇನ್ನೂ ಮಜಾ. ಲೋಕಲ್ ಟ್ರೇನ್ ಅಂದಾಗ ಅಡ್ಜೆಕ್ಟಿವ್. ಟ್ರೇನ್ ಉದುರಿಸಿ ‘ಟೂ ಲೋಕಲ್ಸ್’ ಅಂದರೆ ನೌನ್, ಬಹುವಚನದ ಎಸ್ ಕೂಡ ಬಂತು. ಕನ್ನಡದಲ್ಲಿ ‘ದೊಡ್ಡ’ ಒಂಟಿಯಾಗಿ ನಿಲ್ಲಬೇಕಾದರೆ ‘ದೊಡ್ಡದು’ ಆಗಬೇಕು. ಇಂಗ್ಲಿಷ್ ಪದ ಅದೇ ಅಂಗಿಯಲ್ಲಿ ಕೆಲಸ ಬದಲಿಸಿಬಿಡುತ್ತದೆ. ಹಾಗಾಗಿ ಪದದ ಪಟ್ಟಿ ಬಾಯಿಪಾಠ ಮಾಡುವುದನ್ನು ಬಿಟ್ಟೆ. ವಾಕ್ಯದಲ್ಲಿ ಅದು ಏನು ಮಾಡುತ್ತಿದೆ ಅಂತ ನೋಡತೊಡಗಿದೆ.

ಅನುಮಾನ ಬಂದರೆ ಪದಕ್ಕೆ ಮೊದಲು ‘ವೆರಿ’ ಇಟ್ಟು ನೋಡುತ್ತೇನೆ. ವೆರಿ ಫಾಸ್ಟ್ ಟ್ರೇನ್ ಸರಿ, ಫಾಸ್ಟ್ ಅಡ್ಜೆಕ್ಟಿವ್. ವೆರಿ ರೈಲ್ವೆ ಸ್ಟೇಷನ್? ನಗು ಬರುತ್ತದೆ, ಅಲ್ವಾ? ಅಲ್ಲಿ ರೈಲ್ವೆ ಇನ್ನೊಂದು ನೌನಿನ ಮುಂದೆ ನಿಂತ ನೌನ್, ಅಷ್ಟೇ. ಈ ಉಪಾಯವನ್ನೂ ಜಾಸ್ತಿ ನಂಬಬೇಡಿ. ಮೈನ್ ರೋಡಿನ ಮೈನ್ ಅಡ್ಜೆಕ್ಟಿವೇ, ಆದರೆ ವೆರಿ ಮೈನ್ ರೋಡ್ ಅನ್ನುವುದಿಲ್ಲ.

ದೊಡ್ಡಕ್ಷರ ಕಂಡರೆ ನೌನ್ ಅನ್ನುವಂತೆಯೂ ಇಲ್ಲ. ಇಂಡಿಯಾ ಪ್ರಾಪರ್ ನೌನ್, ಇಂಡಿಯನ್ ಫುಡ್‌ನ ಇಂಡಿಯನ್ ಅಡ್ಜೆಕ್ಟಿವ್. ಎರಡಕ್ಕೂ ದೊಡ್ಡಕ್ಷರ.

ಇನ್ನು ಅಮ್ಮನ ವಿಷಯ. ಹೆಸರಿನ ಬದಲು ‘ಮದರ್’ ಅಂತಲೇ ಕರೆದರೆ ದೊಡ್ಡಕ್ಷರ ಹಾಕಬಹುದು. ಅದಕ್ಕೆ ಮೊದಲು ‘ಮೈ’ ಇದ್ದರೆ ಚಿಕ್ಕದು. ನಾನು ‘ಮೈ’ ಬರೆದಿದ್ದೆ, ಮಾಸ್ಟ್ರ ಗೆರೆ ಸರಿಯಾಗಿಯೇ ಇತ್ತು.