ಬ್ರೇಕ್ ಇಲ್ಲದ ಸೈಕಲ್

ನಮ್ಮೂರು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿದೆ. ಮನೆಯಲ್ಲಿ ಕನ್ನಡ, ಶಾಲೆಯ ಹೊರಗೆ ಮರಾಠಿ, ಸಂತೆಯಲ್ಲಿ ಎರಡೂ. ವಿಜಯಪುರದ ರಸ್ತೆಯಲ್ಲಿ ಎದುರುಗಾಳಿಗೆ ಬಗ್ಗಿ ತುಳಿದು ತುಳಿದೇ ನನ್ನ ಕಾಲು ಗಟ್ಟಿಯಾದವು.

ಟ್ರ್ಯಾಕ್ ಸೈಕಲ್, ಅಂದರೆ ಟ್ರ್ಯಾಕಿನ ಮೇಲಿನ ರೇಸಿಗಂತಲೇ ಮಾಡಿದ ಸೈಕಲ್, ಮನೆಗೆ ಬಂದ ದಿನ ಅಪ್ಪ ಹ್ಯಾಂಡಲ್ ಸುತ್ತ ಕೈಯಾಡಿಸಿದರು. "ಬ್ರೇಕ್ ಎಲ್ಲೈತೋ ತಮ್ಮಾ?"

"ಇದಕ್ಕ ಇರಂಗಿಲ್ಲಪ್ಪಾ."

"ಇಲ್ಲದ್ದಕ್ಕ ಇಷ್ಟ ರೊಕ್ಕಾ?"

ಬ್ರೇಕ್ ಅಷ್ಟೇ ಅಲ್ಲ, ಫ್ರೀವೀಲ್ ಕೂಡ ಇರಲ್ಲ. ಚಕ್ರ ಉರುಳುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಕಾಲು ಗಪ್ಪನೆ ನಿಲ್ಲಿಸೋಕೆ ಹೋದರೆ ಸೈಕಲ್ ನಮ್ಮನ್ನೇ ಎತ್ತಿ ಒಗೆಯುತ್ತದೆ. ನನ್ನದಕ್ಕೆ ಚೈನ್ ಕೂರುವ ಮುಂದಿನ ಹಲ್ಲುಚಕ್ರದಲ್ಲಿ 49 ಹಲ್ಲು, ಹಿಂದಿನದರಲ್ಲಿ 14. ಪೆಡಲ್ ಒಂದು ಸುತ್ತು ಬಂದರೆ 7 ಮೀಟರಿಗಿಂತ ಜಾಸ್ತಿ ಓಡುತ್ತಿತ್ತು.

ದೆಹಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕಟ್ಟಿದ ಮರದ ಟ್ರ್ಯಾಕ್ ಇದೆ. ಒಂದು ಸುತ್ತು 250 ಮೀಟರ್. ಟಿವಿಯಲ್ಲಿ ಬಟ್ಟಲಿನ ಹಾಗೆ ಕಾಣುತ್ತದೆ. ತಿರುವಿನ ಬುಡದಲ್ಲಿ ನಿಂತು ಮೇಲೆ ನೋಡಿದರೆ ಅದು ಗೋಡೆ, ಸುಮ್ನೆ ಹೇಳ್ತಿಲ್ಲ. ಮೊದಲ ದಿನವೇ ಆ ಗೋಡೆಯ ಮೇಲೆ ಹೆದರಿ ವೇಗ ಇಳಿಸಿದೆ. ಟೈರು ಜಾರಿತು. ಹಲಗೆ ಉಜ್ಜಿಕೊಂಡು ಕೆಳಗಿನವರೆಗೂ ಬಂದೆ. ತೊಡೆಯೊಳಗೆ ಹೊಕ್ಕ ಸಿಬಿರುಗಳನ್ನು ಚಿಮಟದಲ್ಲಿ ಒಂದೊಂದಾಗಿ ತೆಗೆದರು. ಕೋಚ್ ಬೈದದ್ದು ಬಿದ್ದದ್ದಕ್ಕಲ್ಲ, ನಿಧಾನ ಮಾಡಿದ್ದಕ್ಕೆ.

ಅದು ತಲೆಗೆ ಹತ್ತೋಕೆ ವಾರ ಬೇಕಾಯಿತು. ಅಲ್ಲಿ ನಮ್ಮನ್ನು ಗೋಡೆಗೆ ಒತ್ತಿ ಹಿಡಿಯುವುದೇ ವೇಗ. ಮುಂದಿನ ಚಕ್ರ ನೋಡೋದು ಬಿಟ್ಟು, ತಿರುವು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಕಣ್ಣು ನೆಟ್ಟ ಮೇಲೆ ಭಯ ಇಳಿಯಿತು. 200 ಮೀಟರ್ ಟೈಮಿಂಗ್‌ಗೆ ಮೊದಲು ಮೇಲಿನ ಅಂಚಿಗೆ ಏರಿ, ಅಲ್ಲಿಂದ ಟ್ರ್ಯಾಕಿನ ಬುಡದ ಕಪ್ಪು ಗೆರೆಗೆ ಧುಮುಕಬೇಕು. ಏರಿದ ಎತ್ತರವೇ ವೇಗವಾಗುತ್ತದೆ. ಆ ಧುಮುಕು ಕೈಗೆ ಬಂದ ವರ್ಷವೇ ರಾಜ್ಯ ಚಾಂಪಿಯನ್ ಆದೆ. ಪದಕ ಅಮ್ಮನ ಟ್ರಂಕಿನಲ್ಲಿದೆ.

2019ರಲ್ಲಿ ನಮ್ಮ ದೇಶದ ಸೈಕಲ್ ಪಟು ಈಸೋ ಆಲ್ಬೆನ್ ಮತ್ತು ಜೊತೆಗಾರರು ಟೀಮ್ ಸ್ಪ್ರಿಂಟ್ ಅನ್ನೋ ತಂಡದ ವೇಗದ ರೇಸಿನಲ್ಲಿ ಜೂನಿಯರ್ ವಿಶ್ವ ಚಿನ್ನ ಗೆದ್ದಾಗ ನಾನು ಆಟ ಬಿಟ್ಟಾಗಿತ್ತು. ಮೊಬೈಲಿನಲ್ಲಿ ನೋಡ್ತಾ ನೋಡ್ತಾ ಕುರ್ಚಿಯಲ್ಲೇ ನನ್ನ ಕಾಲು ತಿರುಗ್ತಿದ್ದವು.

ಈಗ ಊರಿನ ನಾಲ್ಕು ಹುಡುಗರಿಗೆ ಕಲಿಸುತ್ತೇನೆ. ಹಳೇ ಸೈಕಲ್ಲಿನ ಫ್ರೀವೀಲ್ ಬಿಚ್ಚಿ, ಚಕ್ರದ ಜೊತೆಗೇ ತಿರುಗುವ ಫಿಕ್ಸ್ ಹಲ್ಲುಚಕ್ರ ಹಾಕಿಸಿದ್ದೇನೆ. ಮುಂದೆ ಮಾತ್ರ ಒಂದು ಬ್ರೇಕ್ ಉಳಿಸಿದ್ದೇನೆ. ರಸ್ತೆ ಅಲ್ವಾ, ಎಮ್ಮೆ ಅಡ್ಡ ಬರ್ತವೆ. ಅಪ್ಪ ಬಂದು ಅದನ್ನು ಎರಡು ಸಲ ಹಿಚುಕಿ ನೋಡಿ, ಏನೂ ಅನ್ನದೆ ಹೊಲಕ್ಕೆ ಹೋದರು.