ಪ್ಯಾನ್‌ಕೇಕ್ ಹಚ್ಚಿದ್ದು ಗೊತ್ತಾಗದ ಹಾಗೆ: ನನ್ನ ಅನುಭವ

“ನೀರು ಜಾಸ್ತಿ ಆಯ್ತು ಕಣೇ” ಅಂದರು ಚಿಕ್ಕಮ್ಮ. ಅವರು ಹವ್ಯಾಸಿ ನಾಟಕಗಳಿಗೆ ಮೇಕಪ್ ಮಾಡುತ್ತಿದ್ದವರು. ನಾನು ಮೊದಲ ಸಲ ಪ್ಯಾನ್‌ಕೇಕ್, ಅಂದರೆ ಒದ್ದೆ ಸ್ಪಂಜಿನಿಂದ ಮುಖಕ್ಕೆ ಹಚ್ಚುವ ಮೇಕಪ್ ಬೇಸ್, ಹಚ್ಚಿಕೊಂಡು ಅವರ ಮುಂದೆ ನಿಂತಿದ್ದೆ. ಹಣೆಯ ಮೇಲೆ ಪಟ್ಟೆ ಪಟ್ಟೆ, ಮೂಗಿನ ಪಕ್ಕ ಗಟ್ಟಿ ಪದರ. ದವಡೆಯ ಹತ್ತಿರ ಬಣ್ಣ ಗೆರೆ ಎಳೆದ ಹಾಗೆ ನಿಂತಿತ್ತು. ಅವರು ಸ್ಪಂಜನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂಡಿದರು. ನೀರು ಸುರಿಯಿತು. ತಪ್ಪು ಎಲ್ಲಿದೆ ಅಂತ ಆಗ ಅರ್ಥವಾಯಿತು.

ಪ್ಯಾನ್‌ಕೇಕ್ ಅಂದರೆ ದಪ್ಪ ಬಣ್ಣ ಅಂತ ತುಂಬಾ ಜನ ದೂರ ಇಡುತ್ತಾರೆ. ಆದರೆ ಅದು ಹುಟ್ಟಿದ್ದು ಬೇರೆಯದೇ ಕಾರಣಕ್ಕೆ. 1930ರ ದಶಕದಲ್ಲಿ ಹಾಲಿವುಡ್‌ಗೆ ಮೂರು ಬಣ್ಣಗಳ ಟೆಕ್ನಿಕಲರ್ ಅನ್ನೋ ಬಣ್ಣದ ಸಿನಿಮಾ ವಿಧಾನ ಬಂತು. ಅಲ್ಲಿಯವರೆಗೆ ಬಳಸುತ್ತಿದ್ದ ಗ್ರೀಸ್‌ಪೇಂಟ್ ಅನ್ನೋ ಜಿಡ್ಡಿನ ಮೇಕಪ್ ಬಣ್ಣ ದೀಪದ ಕೆಳಗೆ ಹೊಳೆಯುತ್ತಿತ್ತು. ಸುತ್ತಲಿನ ಬಟ್ಟೆ, ಪರದೆಗಳ ಬಣ್ಣವೂ ಆ ಹೊಳಪಿನ ಮೇಲೆ ಬಿದ್ದು ಕಾಣಿಸುತ್ತಿತ್ತು. ಅದಕ್ಕೆ ಪರಿಹಾರವಾಗಿ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ಪ್ಯಾನ್‌ಕೇಕ್ ತಯಾರಿಸಿತು. ಪ್ಯಾನ್ ಅಂದರೆ ಆ ಚಪ್ಪಟೆ ಡಬ್ಬಿ, ಕೇಕ್ ಅಂದರೆ ಅದರಲ್ಲಿ ಒತ್ತಿ ಕೂರಿಸಿದ ಬಣ್ಣದ ಬಿಲ್ಲೆ. 1938ರ ಹೊತ್ತಿಗೆ ಅದು ಅಂಗಡಿಗಳಿಗೂ ಬಂತು. ಹೊಳಪಿಲ್ಲದೆ, ತೆಳ್ಳಗೆ, ಹತ್ತಿರದ ಕ್ಯಾಮೆರಾಗೂ ಚರ್ಮದಂತೆ ಕಾಣಬೇಕು ಅನ್ನೋದೇ ಅದರ ಮೊದಲ ಉದ್ದೇಶ. ದಪ್ಪಗೆ ಕಂಡರೆ ಅದಕ್ಕೆ ನಮ್ಮ ಕೈ ಕಾರಣ, ಬಿಲ್ಲೆಯಲ್ಲ.

ಬಿಲ್ಲೆಯಲ್ಲಿ ಹೆಚ್ಚಾಗಿ ಇರುವುದು ಟಾಲ್ಕ್‌ನಂಥ ನುಣುಪಾದ ಪುಡಿ, ಬಣ್ಣ ಕೊಡುವ ಐರನ್ ಆಕ್ಸೈಡ್, ಮರೆಮಾಚುವ ಟೈಟಾನಿಯಂ ಡೈಆಕ್ಸೈಡ್, ಹಿಡಿದಿಡಲು ಸ್ವಲ್ಪ ಎಣ್ಣೆ ಅಥವಾ ಮೇಣ. ನೀರು ಈ ಪುಡಿಯನ್ನು ಎಬ್ಬಿಸಿ ಮುಖದ ಮೇಲೆ ಹರಡುತ್ತದೆ. ಆಮೇಲೆ ನೀರು ಆರಿ ಹೋಗುತ್ತದೆ, ಪುಡಿ ಉಳಿಯುತ್ತದೆ. ನೀರು ಜಾಸ್ತಿಯಾದರೆ ಪುಡಿ ಒಂದು ಕಡೆ ಕೂಡಿಕೊಂಡು ಪಟ್ಟೆ ಬೀಳುತ್ತದೆ. ಕಡಿಮೆಯಾದರೆ ಪುಡಿ ಎದ್ದು ತೇಪೆ ತೇಪೆಯಾಗಿ ಅಂಟುತ್ತದೆ. ಈ ಎರಡರ ನಡುವಿನ ಹದ ಸಿಗಲು ನನಗೆ ಎರಡು ವಾರ ಬೇಕಾಯಿತು.

ಈಗ ನಾನು ಹೀಗೆ ಮಾಡುತ್ತೇನೆ. ಸ್ಪಂಜನ್ನು ನೀರಿನಲ್ಲಿ ಪೂರ್ತಿ ಅದ್ದಿ, ಗಟ್ಟಿಯಾಗಿ ಹಿಂಡುತ್ತೇನೆ. ಆಮೇಲೆ ಒಣ ಟವೆಲ್ಲಿನಲ್ಲಿ ಸುತ್ತಿ ಇನ್ನೊಂದು ಸಲ ಒತ್ತುತ್ತೇನೆ. ಕೆನ್ನೆಗೆ ತಾಗಿಸಿದರೆ ತಣ್ಣಗೆ ಅನಿಸಬೇಕು, ಆದರೆ ಒದ್ದೆ ಗುರುತು ಉಳಿಯಬಾರದು. ಅಷ್ಟೇ ಹದ. ನೀರನ್ನು ನೇರವಾಗಿ ಬಿಲ್ಲೆಯ ಮೇಲೆ ಹಾಕಲೇಬೇಡಿ. ನೆನೆದ ಬಿಲ್ಲೆ ಒಣಗುವಾಗ ಬಿರುಕು ಬಿಡುತ್ತದೆ. ಸ್ಪಂಜಿನ ಒಂದು ಮೂಲೆಯಿಂದ ಎರಡು ಸುತ್ತು ತಿಕ್ಕಿ, ಮೊದಲು ಕೈಯ ಹಿಂಭಾಗದಲ್ಲಿ ಒತ್ತಿ ನೋಡುತ್ತೇನೆ. ಅಲ್ಲಿ ಕೆಳಗಿನ ಚರ್ಮ ಮಸುಕಾಗಿಯಾದರೂ ಕಾಣುತ್ತಿದ್ದರೆ ಮುಖಕ್ಕೆ ಹೋಗುತ್ತೇನೆ. ಕಾಣದಿದ್ದರೆ ಬಣ್ಣ ಜಾಸ್ತಿ ಅಂತ ಅರ್ಥ.

ಅದಕ್ಕೂ ಮುಂಚೆ ಚರ್ಮ ತಯಾರಾಗಬೇಕು. ಇದು ಬೇಸರದ ಕೆಲಸ, ಆದರೆ ಬಿಟ್ಟರೆ ಉಳಿದದ್ದೆಲ್ಲ ದಂಡ. ಪುಡಿ ಒಣ ಸಿಪ್ಪೆಗಳಿಗೆ ಹೋಗಿ ಅಂಟಿಕೊಳ್ಳುತ್ತದೆ, ಅವು ಎದ್ದು ಕಾಣುತ್ತವೆ. ಹಾಗಾಗಿ ಮಾಯಿಶ್ಚರೈಸರ್ ಹಚ್ಚಿ ಹತ್ತು ಹದಿನೈದು ನಿಮಿಷ ಸುಮ್ನೆ ಬಿಡುತ್ತೇನೆ. ಆಮೇಲೂ ಮೇಲೆ ಜಿಡ್ಡು ಉಳಿದಿದ್ದರೆ ಟಿಶ್ಯೂ ಒತ್ತಿ ತೆಗೆಯುತ್ತೇನೆ. ಎಣ್ಣೆಯ ಪದರದ ಮೇಲೆ ನೀರಿನ ಬಣ್ಣ ನಿಲ್ಲುವುದಿಲ್ಲ ಅಲ್ವಾ, ಜಾರಿ ಒಡೆಯುತ್ತದೆ.

ಶೇಡ್ ವಿಷಯದಲ್ಲಿ ನಾನು ತುಂಬಾ ಸಲ ಎಡವಿದ್ದೇನೆ. ಒದ್ದೆಯಿದ್ದಾಗ ಬಣ್ಣ ಗಾಢವಾಗಿ ಕಾಣುತ್ತದೆ, ಆರಿದಾಗ ತಿಳಿಯಾಗುತ್ತದೆ. ನಾನು ಒದ್ದೆಯಲ್ಲೇ ನೋಡಿ, ಗಾಢ ಆಯಿತು ಅಂತ ಒಂದು ಶೇಡ್ ತಿಳಿಯಾದುದನ್ನು ತಂದಿದ್ದೆ. ಆರಿದ ಮೇಲೆ ಮುಖ ಬೂದಿ ಬೂದಿಯಾಯಿತು. ಕಪ್ಪು, ಗೋಧಿ ಮೈಬಣ್ಣದವರಿಗೆ ಈ ಬೂದಿ ಬೇಗ ಗೊತ್ತಾಗುತ್ತದೆ. ಬಿಳಿ ಟೈಟಾನಿಯಂ ಡೈಆಕ್ಸೈಡ್ ಜಾಸ್ತಿ ಇರುವ ಬಿಲ್ಲೆಗಳಲ್ಲಿ ಇನ್ನೂ ಹೆಚ್ಚು. ಈಗ ದವಡೆಯ ಮೇಲೆ ಒಂದು ಗೆರೆ ಎಳೆದು, ಪೂರ್ತಿ ಆರಲು ಬಿಟ್ಟು, ಕಿಟಕಿಯ ಹತ್ತಿರ ಹಗಲ ಬೆಳಕಿನಲ್ಲಿ ನೋಡುತ್ತೇನೆ. ಕತ್ತಿನ ಬಣ್ಣಕ್ಕೆ ಕೂಡಬೇಕು. ಬೆಳ್ಳಗೆ ಕಾಣಿಸುವುದಕ್ಕೆ ಒಂದು ಶೇಡ್ ಏರಿಸುವ ಅಭ್ಯಾಸ ದಯವಿಟ್ಟು ಬೇಡ. ನಿಮ್ಮದೇ ಬಣ್ಣದಲ್ಲಿ ನಿಮ್ಮ ಮುಖ ಎಷ್ಟು ಚೆನ್ನಾಗಿದೆ ಅಂತ ತೋರಿಸುವ ಬೇಸ್ ಇದು.

ಹಚ್ಚುವಾಗ ಇಡೀ ಮುಖಕ್ಕೆ ಒಟ್ಟಿಗೆ ಕೈ ಹಾಕಬಾರದು. ಬೇಗ ಆರುವ ಬಣ್ಣ ಇದು. ಒಂದು ಕೆನ್ನೆ ಮುಗಿಸಿ ಇನ್ನೊಂದು ಕೆನ್ನೆ, ಆಮೇಲೆ ಹಣೆ, ಕೊನೆಗೆ ಮೂಗು, ಗಲ್ಲ. ಮುಖದ ಮಧ್ಯದಿಂದ ಹೊರಕ್ಕೆ, ಕೆಳಕ್ಕೆ ಹಗುರಾಗಿ ಎಳೆಯುತ್ತೇನೆ. ನಮ್ಮ ಮುಖದ ಸಣ್ಣ ರೋಮಗಳು ಕೆಳಮುಖವಾಗಿರುತ್ತವೆ. ಮೇಲಕ್ಕೆ ತಿಕ್ಕಿದರೆ ಪ್ರತಿಯೊಂದಕ್ಕೂ ಬಣ್ಣ ಹತ್ತಿ ನಿಂತುಬಿಡುತ್ತವೆ. ಸ್ಪಂಜಿನಲ್ಲಿ ಬಣ್ಣ ಮುಗಿಯುತ್ತಾ ಬಂದಾಗ ಕೂದಲಂಚು, ಕಿವಿಯ ಪಕ್ಕ, ಕತ್ತಿನ ಮೇಲ್ಭಾಗಕ್ಕೆ ಹೋಗುತ್ತೇನೆ. ಹೊಸದಾಗಿ ಬಣ್ಣ ತೆಗೆದುಕೊಂಡು ಅಲ್ಲಿಗೆ ಹೋಗುವುದಿಲ್ಲ. ಗೆರೆ ಬೀಳದ ಗುಟ್ಟು ಅದೇ.

ಕಣ್ಣಿನ ಕೆಳಗೆ ಸ್ಪಂಜಿನಲ್ಲಿ ಉಳಿದದ್ದಷ್ಟೇ ಸಾಕು. ಅಲ್ಲಿ ಚರ್ಮ ತೆಳು, ಪುಡಿ ಗೆರೆಗಳಲ್ಲಿ ಸೇರಿಕೊಂಡು ವಯಸ್ಸು ಹೆಚ್ಚಿಸಿ ತೋರಿಸುತ್ತದೆ. ಎಲ್ಲಿ ಚರ್ಮ ತಾನೇ ಚೆನ್ನಾಗಿದೆಯೋ ಅಲ್ಲಿ ನಾನು ಏನೂ ಹಚ್ಚುವುದಿಲ್ಲ. ನನಗೆ ಹಣೆಯ ಮಧ್ಯ, ಮೂಗಿನ ತುದಿ ಖಾಲಿಯಿದ್ದರೂ ನಡೆಯುತ್ತದೆ. ಚಿಕ್ಕಮ್ಮ ಇದನ್ನು ಒಪ್ಪುವುದಿಲ್ಲ, ಎಲ್ಲ ಕಡೆ ಒಂದು ಪದರ ಇರಲೇಬೇಕು ಅನ್ನುತ್ತಾರೆ. ವೇದಿಕೆಗೆ ಅವರ ಮಾತು ಸರಿ. ಎದುರು ಕೂತು ಮಾತಾಡುವ ದೂರಕ್ಕೆ ಖಾಲಿ ಬಿಟ್ಟ ಜಾಗಗಳೇ ಮುಖವನ್ನು ಸಹಜವಾಗಿಡುತ್ತವೆ.

ಕಲೆ ಇದ್ದರೆ ಎರಡನೇ ಪದರ ಅಲ್ಲಿಗೆ ಮಾತ್ರ. ಅದೂ ಮೊದಲನೆಯದು ಪೂರ್ತಿ ಆರಿದ ಮೇಲೆ, ಒತ್ತಿ ಒತ್ತಿ. ಎಳೆದರೆ ಕೆಳಗಿನದು ಎದ್ದು ಬರುತ್ತದೆ.

ಬ್ಲಶ್‌ಗೆ ನನಗೆ ಇಷ್ಟವಾದ ದಾರಿ ಒಂದಿದೆ. ಕ್ರೀಮ್ ಬ್ಲಶ್ ಅನ್ನು ಪ್ಯಾನ್‌ಕೇಕಿಗೆ ಮುಂಚೆಯೇ ತೀರಾ ತೆಳ್ಳಗೆ ಹಚ್ಚಿ, ಬೆರಳಿನಿಂದ ಚರ್ಮದೊಳಗೆ ಸೇರುವಷ್ಟು ತಟ್ಟಿ, ಮೇಲೆ ಬೇಸ್ ಹಾಕುವುದು. ಆಗ ಕೆಂಪು ಒಳಗಿಂದ ಬಂದ ಹಾಗೆ ಕಾಣುತ್ತದೆ. ಆರಿದ ಪ್ಯಾನ್‌ಕೇಕಿನ ಮೇಲೆ ಕ್ರೀಮ್ ತಿಕ್ಕಿದರೆ ಬೇಸ್ ಕಿತ್ತು ಬರುತ್ತದೆ, ಅಲ್ಲಿಗೆ ಪುಡಿ ಬ್ಲಶ್ ಮಾತ್ರ.

ಎಲ್ಲ ಆರಿದ ಮೇಲಿನ ಕೆಲಸ ನನಗೆ ತುಂಬಾ ಮುಖ್ಯ. ಒಣ ಮೆತ್ತನೆಯ ಬ್ರಷ್‌ನಿಂದ ಮುಖವನ್ನು ಹಗುರಾಗಿ ಒರೆಸುತ್ತೇನೆ. ಮೇಲೆ ಸುಮ್ನೆ ಕೂತ ಪುಡಿ ಹೋಗುತ್ತದೆ. ಆಮೇಲೆ ಬಣ್ಣವಿಲ್ಲದ, ಚೆನ್ನಾಗಿ ಹಿಂಡಿದ ಇನ್ನೊಂದು ಸ್ಪಂಜನ್ನು ಒಂದೊಂದು ಕಡೆ ಒಂದೇ ಸಲ ಒತ್ತುತ್ತೇನೆ. ಪುಡಿಯ ನೋಟ ಕರಗಿ ಚರ್ಮದ ನೋಟ ಬರುವುದು ಆ ಗಳಿಗೆಯಲ್ಲಿ. ಕನ್ನಡಿಯಲ್ಲಿ ಅದನ್ನು ನೋಡಲು ಈಗಲೂ ಖುಷಿಯಾಗುತ್ತದೆ. ಇದರ ಮೇಲೆ ಮತ್ತೆ ಪೌಡರ್ ಬೇಕಾಗಿಲ್ಲ, ಪ್ಯಾನ್‌ಕೇಕ್‌ನಲ್ಲೇ ಪುಡಿ ಇದೆಯಲ್ಲ. ಫ್ಲ್ಯಾಶ್ ಹಾಕಿ ಫೋಟೊ ತೆಗೆಯುವುದಿದ್ದರೆ ಮಾತ್ರ ಮೊದಲೇ ಮೊಬೈಲಿನಲ್ಲಿ ಒಂದು ತೆಗೆದು ನೋಡಿಕೊಳ್ಳಿ. ಕೆಲವು ಬಿಲ್ಲೆಗಳು ಫ್ಲ್ಯಾಶ್ ಬೆಳಕನ್ನು ವಾಪಸ್ ಎಸೆದು ಮುಖ ಬಿಳಿಚಿಕೊಂಡಂತೆ ತೋರಿಸುತ್ತವೆ.

ಬೆವರಿದಾಗ ತಕ್ಷಣ ಮತ್ತೆ ಬಣ್ಣ ಹಚ್ಚಬೇಡಿ. ಟಿಶ್ಯೂ ಒತ್ತಿ ಬೆವರು ತೆಗೆಯಿರಿ, ಉಜ್ಜಬೇಡಿ. ಆಮೇಲೂ ಬೇಕೆನಿಸಿದರೆ ಒಂದು ಒತ್ತು.

ಹಳೆಯ ಕಾಲದ ಅಂದದ ಡಬ್ಬಿಯೊಂದು ನನ್ನ ಹತ್ತಿರ ಇದೆ, ಒಳಗೆ ಅರ್ಧ ಬಿಲ್ಲೆಯೂ ಇದೆ. ಅದು ನೋಡುವುದಕ್ಕೆ ಮಾತ್ರ. ಅಷ್ಟು ಹಳೆಯದನ್ನು ಮುಖಕ್ಕೆ ತಾಗಿಸಬಾರದು. ಹೊಸದನ್ನು ತಂದಾಗಲೂ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾಯುತ್ತೇನೆ. ರಾತ್ರಿ ತೆಗೆಯುವಾಗ ಬರೀ ಫೇಸ್‌ವಾಶ್ ಸಾಲದು. ಮೊದಲು ಎಣ್ಣೆ ಅಥವಾ ಕ್ಲೆನ್ಸಿಂಗ್ ಬಾಮ್‌ನಿಂದ ಸಡಿಲಿಸಿ, ಒರೆಸಿ, ಆಮೇಲೆ ಮುಖ ತೊಳೆಯುತ್ತೇನೆ. ಸ್ಪಂಜನ್ನೂ ಅದೇ ರಾತ್ರಿ ಸೋಪಿನಲ್ಲಿ ತೊಳೆದು ಗಾಳಿಗೆ ಇಡುತ್ತೇನೆ. ಒದ್ದೆ ಸ್ಪಂಜನ್ನು ಡಬ್ಬಿಯೊಳಗೆ ಮುಚ್ಚಿಟ್ಟು ಒಂದು ಒಳ್ಳೆಯ ಬಿಲ್ಲೆಗೆ ಬೂಷ್ಟು ಹಿಡಿಸಿದ್ದೆ. ಅದಾದ ಮೇಲೆ ಬಿಲ್ಲೆ ಪೂರ್ತಿ ಒಣಗುವ ತನಕ ಡಬ್ಬಿಯ ಮುಚ್ಚಳ ಹಾಕುವುದಿಲ್ಲ.